ಜೇಬು ನೋಡದೆ ಇಸ್ತ್ರಿ ಮಾಡಬೇಡ

ಬೆಳಿಗ್ಗೆ ಪಾಲಿಕೆಯವರು ಬಂದು
ನನ್ನ ಗಾಡಿಯ ಎಡ ಗಾಲಿಗೂ ಹೊಂಗೆಮರಕ್ಕೂ ನಡುವೆ
ಸೀಮೆಸುಣ್ಣದ ಗೆರೆ ಎಳೆದು ಹೋದರು.
ಇಲ್ಲಿ ಕಲ್ಲು ನಿಲ್ಲುತ್ತದಂತೆ, ಕರಿಕಲ್ಲು,
ಮೇಲೆ ಚಿನ್ನದ ಬಣ್ಣದಲ್ಲಿ: ಕವಿಗಳ ಬೀದಿ.
ಭಾನುವಾರ ದೊಡ್ಡವರು ಬರುತ್ತಾರೆ,
ಅಷ್ಟರೊಳಗೆ ಗಾಡಿ ತೆಗಿ ಅಂದರು.

ತೆಗೀತೀನಿ.
ಸುಣ್ಣದಕೇರಿಯ ಈ ಅಡ್ಡರಸ್ತೆಗೆ
ನಲವತ್ತಮೂರು ವರ್ಷದಿಂದ ನಾನೇ ವಿಳಾಸ.
‘ಇಸ್ತ್ರಿ ಗಾಡಿಯಿಂದ ಎಡಕ್ಕೆ’ ಅಂತ ಬರೆದರೆ ಸಾಕು,
ಕವಿಗಳ ಮನೆಗೆ ಟಪಾಲು ಮುಟ್ಟುತ್ತಿತ್ತು.

ಅಪ್ಪ ಕಲಿಸಿದ ವಿದ್ಯೆ ಎರಡೇ:
ಬೂದಿ ಬಟ್ಟೆಗೆ ಹಾರದ ಹಾಗೆ ಕೆಂಡ ಊದು,
ಜೇಬು ನೋಡದೆ ಇಸ್ತ್ರಿ ಮಾಡಬೇಡ.

ಬೆಟ್ಟದಪುರದ ಸುಬ್ಬಕೃಷ್ಣಯ್ಯನವರ ಜುಬ್ಬದಲ್ಲಿ
ಬಸ್ಸಿನ ಟಿಕೆಟ್ಟು. ಟಿಕೆಟ್ಟಿನ ಬೆನ್ನಿಗೆ ಎರಡು ಸಾಲು,
ಎರಡನೆಯದು ಅರ್ಧಕ್ಕೇ.
ತಂದುಕೊಟ್ಟರೆ ಕಣ್ಣು ಕಿರಿದು ಮಾಡಿ ನೋಡಿ
‘ಮಿಕ್ಕದ್ದು ಎಲ್ಲಿ ಹೋಯ್ತಯ್ಯ?’ ಅಂತ ನನ್ನನ್ನೇ ಕೇಳೋರು,
ನಾನೇ ಸುಟ್ಟೆನೇನೋ ಎಂಬ ಹಾಗೆ.

ವಾಹಿದ್ ಸಾಹೇಬರ ಶೇರ್ವಾನಿ ವರ್ಷಕ್ಕೊಂದೇ ಸಲ,
ಮುಷಾಯಿರಾದ ಹಿಂದಿನ ದಿನ.
ಜೇಬಲ್ಲಿ ಅತ್ತರು ಒಣಗಿದ ಹತ್ತಿ,
ಬಲದಿಂದ ಎಡಕ್ಕೆ ಹೊರಟ ಇರುವೆಸಾಲು.
ನನಗೆ ಆ ಭಾಷೆ ಬಾರದು. ಆದರೂ ಗಾಡಿ ಪಕ್ಕ ನಿಂತು ಓದಿ
ನಾನು ವಾಹ್ ಅನ್ನುವ ತನಕ ಕಾಯುತ್ತಿದ್ದರು.
ಅಂದೆ. ಇಸ್ತ್ರಿ ಕಾಸು ಕೊಡುವುದ ಮರೆತು ನಡೆದರು.

ಪುಟ್ಟಮಾದಯ್ಯ ಮೇಷ್ಟ್ರಿಗೆ ಇದ್ದದ್ದು ಎರಡೇ ಷರಟು,
ಒಂದು ಮೈಮೇಲೆ, ಒಂದು ನನ್ನ ಕೈಲಿ.
ಈ ಬೀದಿಯಲ್ಲಿ ಅವರಿಗೆ ಬಾಡಿಗೆ ಸಿಕ್ಕಿದ್ದು ಏಳನೇ ಬಾಗಿಲಲ್ಲಿ.
ಆರು ಬಾಗಿಲಲ್ಲಿ ‘ನೀವು ಯಾವ ಪೈಕಿ?’
ಅದರ ಮೇಲೇ ಪದ್ಯ ಕಟ್ಟಿ,
ಸಂಕ್ರಾಂತಿಗೆ ಆರೂ ಮನೆಗೆ ಹಂಚಿ ಬಂದರು
ಎಳ್ಳುಬೆಲ್ಲ ಸುತ್ತಿದ ಕಾಗದವಾಗಿ.

ಈ ಮೂವರ ಹೆಸರು ಕಲ್ಲಿನ ಮೇಲಿರುತ್ತದೆ. ಪಟ್ಟಿ ನೋಡಿದೆ.

ಕನಕವಲ್ಲಿಯಮ್ಮನ ಹೆಸರಿಲ್ಲ.
ಸೀರೆಗೆ ಜೇಬಿಲ್ಲ, ಅದಕ್ಕೇ ಇರಬೇಕು.
ಆಕೆಯದೆಲ್ಲ ಸೆರಗಿನ ಗಂಟಲ್ಲಿ,
ಚಿಲ್ಲರೆ, ಏಲಕ್ಕಿ, ನಾಲ್ಕು ಮಡಿಕೆ ಮಡಿಸಿದ ಹಾಲಿನ ಚೀಟಿ.
ಬಿಚ್ಚಿ ಕೊಟ್ಟರೆ ‘ಅದೇನೂ ಇಲ್ಲ, ಬಿಸಾಕಪ್ಪ’.
ಬಿಸಾಕಲಿಲ್ಲ. ಸ್ಕೂಲಿಗೆ ಹೋಗದ ನಾನು
ಅಕ್ಷರ ಕಲಿತದ್ದೇ ಆ ಚೀಟಿಗಳಿಂದ,
ಒತ್ತಕ್ಷರ ಅಡ್ಡ ಬಂದಾಗ ಆಕೆಯನ್ನೇ ಕೇಳಿ.
ನಗುತ್ತ ಹೇಳಿಕೊಡೋರು, ಯಾರ ಬರಹವೋ ಎಂಬಂತೆ.
ಒಂದು ಬಾಯಿಗೇ ಬರುತ್ತದೆ:

    ಅಕ್ಕಿಯಲ್ಲಿ ಸಿಕ್ಕ ಕಲ್ಲು
    ಹೊಳೆ ತಿದ್ದಿ ತಿದ್ದಿ ಬರೆದ ಅಕ್ಷರ.
    ಮೊರದಂಚಿಗೆ ತಂದೆ,
    ಎಸೆಯುವ ಮುನ್ನ ಓದಿಕೊಂಡೆ.

ಪಟ್ಟಿ ಹಿಡಿದ ಹುಡುಗನಿಗೆ ಹೇಳಿದೆ.
‘ಪುಸ್ತಕ ಬಂದಿದೆಯಾ ಅವರದು?’
ಇಲ್ಲ.
‘ಹಾಗಾದ್ರೆ ಕಷ್ಟ.’
ಕಷ್ಟ ಅಂದರೆ ಮೂವತ್ತೆರಡು ನೆರಿಗೆಯ ಲಂಗ, ಮಗ.
ಇದು ಒಂದು ಸಾಲು.

ಸುಬ್ಬಕೃಷ್ಣಯ್ಯನವರ ಮನೆ ಈಗ ಹುಡುಗಿಯರ ಪೀಜಿ,
ಸಾಹೇಬರ ಮಹಡಿಯಲ್ಲಿ ಮೊಬೈಲ್ ಕವರಿನ ಗೋಡೌನು,
ಮೇಷ್ಟ್ರು ಪದ್ಯ ಹೇಳುತ್ತಿದ್ದ ಜಗಲಿ
ಚರಂಡಿ ಅಗಲ ಮಾಡುವಾಗ ಹೋಯಿತು.
ಕನಕವಲ್ಲಿಯಮ್ಮ ಬಿಂದಿಗೆ ಇಡುತ್ತಿದ್ದ ನಲ್ಲಿ ಇದೆ,
ಸೋರುತ್ತದೆ.

ನಿನ್ನೆ ಸಂಜೆ ಭಾಷಣದವರ ಬಟ್ಟೆ ಬಂತು,
ಬಿಳಿ ಷರಟು, ಐದು, ಗಂಜಿ ಹಾಕಿದ್ದು.
ಜೇಬು ನೋಡಿದೆ, ಅಭ್ಯಾಸ.
ಐದೂ ಖಾಲಿ.
ಇಸ್ತ್ರಿ ಮುಗಿಸಿ, ಮಡಿಸುವ ಮೊದಲು
ಒಂದರೊಳಗೆ ಹಾಲಿನ ಚೀಟಿ ಇಟ್ಟೆ.
ಯಾರದ್ದರಲ್ಲಿ ಅಂತ ಹೇಳುವುದಿಲ್ಲ.

ಗಾಡಿ ತಳ್ಳಲು ಒಬ್ಬ ಗಟ್ಟಿ ಹುಡುಗ ಬೇಕು.
ಎಡ ಗಾಲಿ ಹೂತುಹೋಗಿದೆ,
ಮಣ್ಣಲ್ಲಲ್ಲ, ಅಗೆದು ನೋಡಿದೆ,
ವರ್ಷವರ್ಷದ ಹೊಂಗೆ ಹೂವಲ್ಲಿ, ನನ್ನದೇ ಬೂದಿಯಲ್ಲಿ.